ಡಬ್ಬಿ ಮೇಲೆ ಪೇಟೆಂಟ್ ಅಂತ ಉಂಟು ಮಾರಾಯ್ರೆ

ಎಲ್ಲರಿಗೂ ನಮಸ್ಕಾರ. ನಂದು ಉಡುಪಿಯಲ್ಲಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಮೆಡಿಕಲ್ ಶಾಪ್. ನಾನು ಡಾಕ್ಟ್ರಲ್ಲ, ಫಾರ್ಮಸಿ ಓದಿ ಕೌಂಟರ್ ಹಿಂದೆ ನಿಂತು ನಿಂತು 28 ವರ್ಷ ಆಯ್ತು, ಅಷ್ಟೇ. ಮರೆವಿನ ಮದ್ದುಗಳ ಬಗ್ಗೆ ಮಾತಾಡಿ ಅಂತ ರೇಡಿಯೋದವ್ರು ಕರೆದಾಗ ನಂಗೆ ಕೂಡ್ಲೆ ನೆನಪಾದದ್ದು ನಮ್ಮ ಗಿರಾಕಿ ಒಬ್ರು ರಿಟೈರ್ಡ್ ಮಾಸ್ಟ್ರು.

ಹೋದ ಮಳೆಗಾಲದಲ್ಲಿ ಒಂದು ದಿನ ಕೊಡೆಯಿಂದ ನೀರು ಸುರಿಸಿಕೊಂಡೇ ಒಳಗೆ ಬಂದವ್ರು ಕೌಂಟರ್ ಮೇಲೆ ಒಂದು ಡಬ್ಬಿ ಇಟ್ರು. ಮಗ ಬೆಂಗಳೂರಿಂದ ಆನ್‌ಲೈನಲ್ಲಿ ಕಳಿಸಿದ್ದು, ನೆನಪಿನ ಶಕ್ತಿಗೆ ಅಂತೆ. ಅವರ ಹೆಂಡತಿಗೆ ಎರಡು ವರ್ಷದಿಂದ ಮರೆವು ಜಾಸ್ತಿ, ಸೊಸೆಯನ್ನು ತನ್ನ ಅಕ್ಕನ ಹೆಸರಲ್ಲಿ ಕರೆಯುವುದು, ಕುಕ್ಕರಿಗೆ ಅಕ್ಕಿ ಹಾಕಿದ ಮೇಲೆ ಪುನಃ ಅಕ್ಕಿ ತೊಳೆಯಲಿಕ್ಕೆ ಹೋಗುವುದು, ಹೀಗೆ. ಡಾಕ್ಟ್ರು ಡೊನೆಪೆಜಿಲ್ ಅಂತ ಮಾತ್ರೆ ಬರೆದಿದ್ರು, ನನ್ನಲ್ಲೇ ತಗೊಂಡು ಹೋಗ್ತಿದ್ರು. ಮಾಸ್ಟ್ರು ಕೇಳಿದ್ದು ಇಷ್ಟೇ: "ಆ ಮಾತ್ರೆ ನಿಲ್ಲಿಸಿ ಇದನ್ನು ಕೊಡ್ಲಾ? ಇದ್ರ ಮೇಲೆ ಪೇಟೆಂಟ್ ಅಂತ ಉಂಟು ಮಾರಾಯ್ರೆ, ಅದ್ರ ಮೇಲೆ ಹಾಗೆ ಎಂತದ್ದೂ ಇಲ್ಲ."

ಈ ಪ್ರಶ್ನೆ ಅವರೊಬ್ರದ್ದಲ್ಲ, ವಾರಕ್ಕೆ ಒಬ್ರಾದ್ರೂ ಕೇಳ್ತಾರೆ. ಗಮ್ಮತ್ತು ಎಂತ ಗೊತ್ತುಂಟಾ, ನಮ್ಮ 1940ರ ಔಷಧ ಕಾನೂನಿನಲ್ಲೇ "ಪೇಟೆಂಟ್ ಅಥವಾ ಪ್ರೊಪ್ರೈಟರಿ ಮದ್ದು" ಅಂತ ಒಂದು ಹಳೇ ಶಬ್ದ ಉಂಟು, ಆಯುರ್ವೇದದ ವಿಷಯದಲ್ಲಿ ಅದಕ್ಕೆ ಅರ್ಥ, ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಸಾಮಾನುಗಳನ್ನೇ ತಗೊಂಡು ಕಂಪೆನಿ ತನ್ನದೇ ಲೆಕ್ಕದಲ್ಲಿ ಬೆರೆಸಿ ಮಾಡಿದ ಮದ್ದು ಅಂತ. ಪೇಟೆಂಟ್ ಆಫೀಸಿಗೂ ಅದಕ್ಕೂ ಸಂಬಂಧವೇ ಇಲ್ಲ! ಅಲ್ಲಿಗೆ ಒಂದು ಅರ್ಜಿ ಹಾಕದೇ ಇದ್ರೂ ಡಬ್ಬಿಯಲ್ಲಿ ಆ ಶಬ್ದ ಬರ್ತದೆ, ಓದಿದವ್ರು ಇದೇನೋ ದೊಡ್ಡ ಸಂಶೋಧನೆ ಅಂದ್ಕೊಳ್ತಾರೆ.

ಸರಿ, ನಿಜವಾದ ಪೇಟೆಂಟೇ ಇದ್ರೆ? ಆಗ್ಲೂ ಅದು ಗುಣ ಆಗ್ತದೆ ಅನ್ನುವ ಸರ್ಟಿಫಿಕೇಟ್ ಅಲ್ಲ. ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಇದನ್ನು ಮಾಡಿ ಮಾರಬಾರದು ಅಂತ ಹಾಕುವ ಬೇಲಿ ಅದು. ತೋಟಕ್ಕೆ ಬೇಲಿ ಗಟ್ಟಿ ಉಂಟು ಅಂದ ಮಾತ್ರಕ್ಕೆ ಒಳಗೆ ಅಡಿಕೆ ಫಸಲು ಬಂದಿದೆ ಅಂತ ಹೇಳ್ಲಿಕ್ಕಾಗ್ತದಾ?

ಇದಕ್ಕೆ ಉಲ್ಟಾ ಕೂಡ ಆಗಿದೆ. ಯುರೋಪಿನಲ್ಲಿ ಹಿಮ ಕರಗುವ ಹೊತ್ತಿಗೆ ಅರಳುವ ಸ್ನೋಡ್ರಾಪ್ ಅಂತ ಒಂದು ಬಿಳಿ ಹೂವು, ಅದರ ಜಾತಿಯ ಗಿಡದಿಂದ ಬಂದದ್ದು ಗ್ಯಾಲಂಟಮಿನ್ ಅನ್ನುವ ಮದ್ದು. 1950ರ ದಶಕದಲ್ಲಿ ಬಲ್ಗೇರಿಯಾದ ಡಿಮಿಟರ್ ಪಾಸ್ಕೊವ್ ಇದರ ಮೇಲೆ ಕೆಲಸ ಮಾಡಿದ್ರು, ಆ ಕಡೆ ಪೋಲಿಯೋ ಆದವರಿಗೆಲ್ಲ ಕೊಡ್ತಿದ್ರು. ಅಮೆರಿಕದ ಬಾನಿ ಡೇವಿಸ್ ಅನ್ನುವ ಡಾಕ್ಟ್ರಿಗೆ ಇದು ಮರೆವಿನ ಕಾಯಿಲೆ ಅಲ್ಝೈಮರ್‌ಗೂ ಆಗ್ಬಹುದು ಅಂತ ಹೊಳೆಯಿತು, 1986ರಲ್ಲಿ ಅರ್ಜಿ ಹಾಕಿದ್ರು, ವಿವರಣೆ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಮರುವರ್ಷ ಪೇಟೆಂಟ್ ಸಿಕ್ಕಿತು. 2001ರಲ್ಲಿ ಮದ್ದು ಅಮೆರಿಕದ ಮಾರ್ಕೆಟಿಗೆ ಬಂತು, ಚೆನ್ನಾಗಿ ಓಡಿತು ಕೂಡ. ಆಮೇಲೆ ಜನರಿಕ್, ಅಂದ್ರೆ ಅದೇ ಮದ್ದನ್ನು ಕಡಿಮೆ ರೇಟಿಗೆ ಮಾಡುವ ಕಂಪೆನಿಗಳ ಜೊತೆ ಕೋರ್ಟು ಕೇಸು, 2009ರಲ್ಲಿ ಅಪೀಲು ಕೋರ್ಟು ಹೇಳಿದ್ದೇನು ಅಂದ್ರೆ, ಅರ್ಜಿ ಹಾಕುವಾಗ ಇದು ಕೆಲಸ ಮಾಡ್ತದೆ ಅಂತ ತೋರಿಸುವಂಥದ್ದು ಅದರಲ್ಲಿ ಎಂತದ್ದೂ ಇರ್ಲಿಲ್ಲ, ಮುಂದೆ ಪರೀಕ್ಷೆ ಮಾಡಿ ನೋಡ್ಬಹುದು ಅನ್ನುವ ಐಡಿಯಾ ಮಾತ್ರ ಇದ್ದದ್ದು, ಹಾಗಾಗಿ ಪೇಟೆಂಟ್ ನಿಲ್ಲುವುದಿಲ್ಲ ಅಂತ. ಮದ್ದು ಅಲ್ಪಸ್ವಲ್ಪ ಉಪಕಾರ ಮಾಡ್ತಾನೇ ಇತ್ತು, ಬಿದ್ದದ್ದು ಪೇಟೆಂಟ್. ಐಡಿಯಾ ಸರಿಯಾಗಿತ್ತಲ್ಲ, ಆ ಹೆಂಗಸಿನ ಬಗ್ಗೆ ನಂಗೆ ಸ್ವಲ್ಪ ಬೇಜಾರೇ ಆಗ್ತದೆ.

ಮೆಮ್ಯಾಂಟಿನ್ ಅಂತ ಮರೆವಿನ ಇನ್ನೊಂದು ಮದ್ದು, ಅದರ ಕಥೆ ಬೇರೆ ರೀತಿದು. 1960ರ ದಶಕದಲ್ಲಿ ಒಂದು ಅಮೆರಿಕನ್ ಕಂಪೆನಿ ಅದನ್ನು ಮಾಡಿದ್ದು ಸಕ್ಕರೆ ಕಾಯಿಲೆಗೆ, ಸಕ್ಕರೆ ಇಳಿಯಲಿಲ್ಲ. ಮೆದುಳಿಗೆ ಆಗ್ತದೆ ಅಂತ ಹಿಡಿದುಕೊಂಡು ಹೋದದ್ದು ಜರ್ಮನಿಯವ್ರು, ಅಮೆರಿಕದಲ್ಲಿ ಮರೆವಿಗೆ ಒಪ್ಪಿಗೆ ಸಿಕ್ಕುವಾಗ 2003 ಆಗಿತ್ತು. ದಿನಕ್ಕೆ ಎರಡು ಸಲದ ಮಾತ್ರೆ. 2015ರಲ್ಲಿ ಅದರ ಪೇಟೆಂಟ್ ಅವಧಿ ಮುಗಿದು ಕಡಿಮೆ ರೇಟಿನದ್ದು ಬರ್ಲಿಕ್ಕಿತ್ತು, ಅಷ್ಟೊತ್ತಿಗೆ ಮಾರುವ ಕಂಪೆನಿ ಎಂತ ಮಾಡಿತು, ದಿನಕ್ಕೆ ಒಂದೇ ಸಲ ತಗೊಳ್ಳುವ ಹೊಸ ಕ್ಯಾಪ್ಸೂಲ್ ತಂದು, ಅದಕ್ಕೆ 2029ರವರೆಗೆ ಪೇಟೆಂಟ್ ಇದ್ದದ್ದು, ಹಳೇ ಮಾತ್ರೆಯನ್ನು ಅಂಗಡಿಗಳಿಂದ ವಾಪಸ್ ತೆಗೀಲಿಕ್ಕೆ ಹೊರಟಿತು, ಅಂದ್ರೆ ಎಲ್ಲ ರೋಗಿಗಳೂ ಮೊದಲೇ ಹೊಸದಕ್ಕೆ ಬದಲಾಗಿ ಬಿಡ್ಲಿ ಅಂತ. ಮರೆವಿನವರಿಗೆ ಒಂದು ಮಾತ್ರೆ ರೂಢಿ ಆಗ್ಲಿಕ್ಕೆ ಮನೆಯವ್ರು ಎಷ್ಟು ಒದ್ದಾಡ್ತಾರೆ ಅಂತ ನಾನು ದಿನಾ ನೋಡುವವ. ಒಮ್ಮೆ ಬದಲಾದವರು ಹಳೇದಕ್ಕೆ ವಾಪಸ್ ಬರುವುದು ಕಷ್ಟ, ಲೆಕ್ಕಾಚಾರ ಇದ್ದದ್ದೇ ಅದರ ಮೇಲೆ. ನ್ಯೂಯಾರ್ಕ್ ರಾಜ್ಯ ಸರ್ಕಾರದ ವಕೀಲರು ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಿದ್ರು.

ನಮ್ಮಲ್ಲಿ ಇಂಥ ಉಪಾಯಕ್ಕೆ ಸ್ವಲ್ಪ ಕಡಿವಾಣ ಉಂಟು. ಪೇಟೆಂಟ್ ಕಾನೂನಿನ 3(ಡಿ) ಅಂತ ಕಲಂ, ಗೊತ್ತಿರುವ ಮದ್ದನ್ನೇ ಹೊಸ ರೂಪದಲ್ಲಿ ತಂದ್ರೆ ಅದರಿಂದ ಗುಣ ಹೆಚ್ಚಾಗ್ತದೆ ಅಂತ ತೋರಿಸ್ಬೇಕು, ಇಲ್ಲದಿದ್ರೆ ಪೇಟೆಂಟ್ ಇಲ್ಲ. ಒಂದು ಕ್ಯಾನ್ಸರ್ ಮದ್ದಿನ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿಯಿತು.

ದೊಡ್ಡ ವಿಜ್ಞಾನಿ ಇದ್ರೂ ಮಾತ್ರೆ ಬಂದೇ ಬರ್ತದೆ ಅಂತ ಇಲ್ಲ. ಎರಿಕ್ ಕ್ಯಾಂಡೆಲ್ ಅಂತ, ಸಮುದ್ರದ ಒಂದು ದಪ್ಪ ಹುಳದಂಥ ಪ್ರಾಣಿ, ನಮ್ಮ ಮಲ್ಪೆಯಲ್ಲಿ ಬಲೆಗೆ ಬಿದ್ರೆ ಯಾರೂ ಮನೆಗೆ ತಗೊಂಡು ಹೋಗ್ಲಿಕ್ಕಿಲ್ಲ, ಅದರಲ್ಲಿ ಇರುವ ಸುಮಾರು 20,000 ನರಕೋಶಗಳನ್ನು ಇಟ್ಟುಕೊಂಡು ನೆನಪು ಹೇಗೆ ಗಟ್ಟಿ ಆಗ್ತದೆ ಅಂತ ಕಂಡುಹಿಡಿದ್ರು, 2000ದಲ್ಲಿ ನೊಬೆಲ್ ಬಂತು. 1998ರಲ್ಲಿ ಒಂದು ಕಂಪೆನಿಯನ್ನೂ ಶುರು ಮಾಡಿದ್ರು, ಹೆಸರೇ ಮೆಮರಿ ಫಾರ್ಮಾಸ್ಯೂಟಿಕಲ್ಸ್. ಹತ್ತು ವರ್ಷದಲ್ಲಿ ಅದನ್ನು ರೋಶ್ ಅನ್ನುವ ದೊಡ್ಡ ಮದ್ದಿನ ಕಂಪೆನಿ ಕೊಂಡುಕೊಂಡಿತು, ನೆನಪಿನ ಮಾತ್ರೆ ನನ್ನ ಕಪಾಟಿಗಂತೂ ಬರ್ಲಿಲ್ಲ.

ಮಾಸ್ಟ್ರ ಡಬ್ಬಿಯಲ್ಲಿ ಇದ್ದದ್ದು ಬ್ರಾಹ್ಮಿ. ಯಾವ ಬ್ರಾಹ್ಮಿ? ನಮ್ಮಲ್ಲಿ ಬ್ರಾಹ್ಮಿ ಅಂದ್ರೆ ಒಂದೆಲಗ, ತುಳುವಿನ ತಿಮರೆ, ಗದ್ದೆ ಬದಿಯಿಂದ ಕೊಯ್ದು ಚಟ್ನಿ, ತಂಬುಳಿ ಮಾಡುವುದು. ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯವ್ರು ಬ್ಯಾಕೋಸೈಡ್ ಅನ್ನುವ ಅಂಶ ತೆಗೆದು ನೆನಪಿನ ಬಗ್ಗೆ ಕೆಲಸ ಮಾಡಿದ್ದು ನೀರು ಬ್ರಾಹ್ಮಿಯಲ್ಲಿ, ಗಿಡವೇ ಬೇರೆ. ಮತ್ತೆ, ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿದ್ದದ್ದಕ್ಕೆ ಇಲ್ಲಿ ಪೇಟೆಂಟ್ ಕೊಡುವ ಹಾಗೂ ಇಲ್ಲ, ಅರಿಶಿನ ಗಾಯಕ್ಕೆ ಆಗ್ತದೆ ಅಂತ ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನವ್ರು 1997ರಲ್ಲಿ ರದ್ದು ಮಾಡಿಸಿದ್ರಲ್ಲ. ತಿಮರೆ ಚಟ್ನಿ ಧಾರಾಳ ತಿನ್ನಿ, ಯಾರು ಬೇಡ ಅಂತಾರೆ, ಆದ್ರೆ ಡಾಕ್ಟ್ರ ಮಾತ್ರೆ ನಿಲ್ಲಿಸಿ ತಿನ್ನುವುದಲ್ಲ.

ಹೊಸದು ಲೆಕಾನೆಮ್ಯಾಬ್ ಅಂತ ಇಂಜೆಕ್ಷನ್, 2023ರಲ್ಲಿ ಅಮೆರಿಕದಲ್ಲಿ ಬಂತು, ಬಂದಾಗ ರೇಟು ವರ್ಷಕ್ಕೆ 26,500 ಡಾಲರ್ ಇತ್ತು, ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ. 18 ತಿಂಗಳ ಪರೀಕ್ಷೆಯಲ್ಲಿ ರೋಗ ಮುಂದೆ ಹೋಗುವುದು 27 ಶೇಕಡಾ ನಿಧಾನ ಆಯ್ತು, ನಿಲ್ಲಲಿಲ್ಲ, ಕೆಲವರಿಗೆ ಮೆದುಳಲ್ಲಿ ಬಾವು, ರಕ್ತಸ್ರಾವ ಕೂಡ ಕಂಡಿತು.

ಇನ್ನು ಮಾಸ್ಟ್ರಿಗೆ ಸಾಧಾರಣ ಅನ್ನಿಸಿದ ಡೊನೆಪೆಜಿಲ್. ಅದನ್ನು ಮಾಡಿದ್ದು ಜಪಾನಿನ ಐಸಾಯ್ ಕಂಪೆನಿಯ ಹಚಿರೋ ಸುಗಿಮೋಟೋ, ಅವರ ತಾಯಿಗೇ ಮರೆವಿನ ಕಾಯಿಲೆ ಇತ್ತು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ, 2010ರಲ್ಲಿ ಅಲ್ಲಿ ಪೇಟೆಂಟ್ ಮುಗಿಯಿತು. ನಮ್ಮಲ್ಲಿ 2005ರವರೆಗೆ ಮದ್ದಿಗೇ ಪೇಟೆಂಟ್ ಇರ್ಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಇದ್ದದ್ದು, ಹಾಗಾಗಿ ನಮ್ಮ ಕಂಪೆನಿಗಳು ಬೇರೆ ಬೇರೆ ಹೆಸರಲ್ಲಿ ಮೊದಲೇ ಮಾಡಿದ್ವು. ಮಾಸ್ಟ್ರ ಕೈಯಲ್ಲಿದ್ದ ಸ್ಟ್ರಿಪ್ಪಿನಲ್ಲಿ ಪೇಟೆಂಟ್ ಅಂತ ಇಲ್ಲದ್ದು ಅದಕ್ಕೇ, ಕಡಿಮೆ ದುಡ್ಡಿಗೆ ಸಿಕ್ಕಿದ್ದೂ ಅದಕ್ಕೇ.

ಅದು ಮಾಡುವ ಕೆಲಸ ಇಷ್ಟು: ಅಸಿಟೈಲ್‌ಕೋಲಿನ್ ಅಂತ ನೆನಪಿಗೆ ಬೇಕಾದ ಒಂದು ರಾಸಾಯನಿಕ ಮೆದುಳಲ್ಲಿ ಕಡಿಮೆ ಆಗಿರ್ತದೆ, ಇದ್ದದ್ದನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆದು ಹಿಡೀತದೆ. ಕಾಯಿಲೆ ಹೋಗುವುದಿಲ್ಲ. ಸ್ವಲ್ಪ ಸಮಯ ದಿನಚರಿ ನಡೀತದೆ. ಕೆಲವರಿಗೆ ವಾಕರಿಕೆ, ಕೆಲವರಿಗೆ ನಾಡಿ ನಿಧಾನ, ರಾತ್ರಿ ವಿಚಿತ್ರ ಕನಸು ಬಿದ್ರೆ ಡಾಕ್ಟ್ರನ್ನು ಕೇಳಿ ಬೆಳಿಗ್ಗೆಗೆ ಬದಲಾಯಿಸ್ಬಹುದು.

ಮಾಸ್ಟ್ರು ಎಲ್ಲ ಕೇಳಿ ಡಬ್ಬಿಯನ್ನು ಚೀಲಕ್ಕೆ ಹಾಕಿ, ಹೋಗುವಾಗ ಹೇಳಿದ್ರು, "ಹಾಗೇ ಒಂದು ಶೀತದ ಮಾತ್ರೆ ಕೊಡಿ, ಅವಳಿಗೆ ಮೂಗು ಸೋರ್ತದೆ." ನಾವು ಮಾಮೂಲಿ ಕೊಡುವ, ನಿದ್ದೆ ಬರಿಸುವ ಶೀತದ ಮಾತ್ರೆ ಉಂಟಲ್ಲ, ಅದು ಆ ಅಸಿಟೈಲ್‌ಕೋಲಿನ್ ಕೆಲಸಕ್ಕೇ ಅಡ್ಡ ಬರ್ತದೆ, ಡೊನೆಪೆಜಿಲ್ ಒಂದು ಕಡೆ ಎಳೀತದೆ, ಇದು ಇನ್ನೊಂದು ಕಡೆ. ಅದನ್ನು ಕೊಡ್ಲಿಲ್ಲ. ಹಬೆ ತಗೊಳ್ಳಲಿಕ್ಕೆ ಹೇಳಿ, ಕಡಿಮೆ ಆಗದಿದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಅಂದೆ. ಅವತ್ತಿಂದ ಯಾರು ಶೀತದ ಮಾತ್ರೆ ಕೇಳಿದ್ರೂ ಮೊದಲು ಕೇಳ್ತೇನೆ, ನಿಮಗಾ, ಮನೆಯಲ್ಲಿ ಹಿರಿಯರಿಗಾ ಅಂತ. ನಮಸ್ಕಾರ.