ಕಪ್ ಲೆಕ್ಕವಲ್ಲ, ಕಿಲ್ನ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕುಂಬಾರಿಕೆಯ ತಿಗರಿಯ ಮೇಲೆ ಕೈ ಪಳಗಿದವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಮಣ್ಣು ಹದ ಮಾಡುವುದು ಹೇಗೆ ಎಂದು ನಾನು ಹೇಳಲು ಹೋಗುವುದಿಲ್ಲ. ಇವತ್ತಿನ ಮಾತು ದುಡ್ಡಿನದು.

ಒಂದು ಕಪ್ಪಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮಣ್ಣು, ಗ್ಲೇಜ್ ಅಂದರೆ ಗಾಜಿನಂಥ ಹೊಳಪು ಕೊಡುವ ಲೇಪ, ಕರೆಂಟು ಎಂದು ಬೆರಳು ಮಡಚುತ್ತಾರೆ. ಅದರಲ್ಲಿ ಮಣ್ಣಿನ ಪಾಲು ತೀರಾ ಚಿಕ್ಕದು. ದೊಡ್ಡ ಪಾಲು ನಿಮ್ಮ ಹೊತ್ತಿನದು, ಅದನ್ನು ಯಾರೂ ಬರೆದಿಡುವುದಿಲ್ಲ. ನನ್ನ ಸಲಹೆ ಇಷ್ಟು: ಬಿಡಿ ಕಪ್ಪಿನ ಲೆಕ್ಕ ಬಿಡಿ, ಒಂದು ಕಿಲ್ನ್, ಅಂದರೆ ಪಾತ್ರೆ ಸುಡುವ ಗೂಡು, ಅದರ ತುಂಬ ಹಿಡಿಯುವ ಮಾಲಿನ ಲೆಕ್ಕ ಹಿಡಿಯಿರಿ.

60 ಕಪ್ ಹಿಡಿಯುವ ಕಿಲ್ನ್ ಎಂದಿಟ್ಟುಕೊಳ್ಳಿ. ಮಣ್ಣು ನಾದಿದ್ದು, ತಿಗರಿಗೆ ಕೂತಿದ್ದು, ಸ್ವಲ್ಪ ಗಟ್ಟಿಯಾದ ಮೇಲೆ ಬುಡ ಕೆತ್ತಿದ್ದು, ಹಿಡಿಕೆ ಅಂಟಿಸಿದ್ದು, ಗ್ಲೇಜಿನಲ್ಲಿ ಅದ್ದಿದ್ದು, ಬುಡಕ್ಕೆ ಮೆತ್ತಿದ ಗ್ಲೇಜನ್ನು ಸ್ಪಂಜಿನಿಂದ ಒರೆಸಿದ್ದು, ಎರಡು ಸಲ ಕಿಲ್ನ್ ಜೋಡಿಸಿ ಇಳಿಸಿದ್ದು, ಫೋಟೊ ತೆಗೆದಿದ್ದು, ಗಿರಾಕಿಗೆ ಉತ್ತರ ಬರೆದಿದ್ದು, ಎಲ್ಲದಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಗೀಚಿಡಿ. ತಿಗರಿಯ ಕೆಲಸ ಇದರಲ್ಲಿ ಒಂದು ಮೂಲೆಯಷ್ಟೇ. ಆಮೇಲೆ ಒಟ್ಟು ಖರ್ಚನ್ನು 60ರಿಂದ ಭಾಗಿಸಬೇಡಿ. ಬಿರುಕು, ಸೊಟ್ಟ, ಗ್ಲೇಜ್ ಗುಳ್ಳೆ ಎಲ್ಲ ಕಳೆದು 52 ಕಪ್ ಮಾರುವ ಹಾಗಿದ್ದರೆ 52ರಿಂದಲೇ ಭಾಗಿಸಿ. ಹಾಳಾದ ಎಂಟರ ಖರ್ಚನ್ನು ಉಳಿದವೇ ಹೊರಬೇಕು ಅಲ್ವಾ?

ಇದೇನು ಹೊಸ ವಿಚಾರವಲ್ಲ. ಇಂಗ್ಲೆಂಡಿನ ಹೆಸರಾಂತ ಕುಂಬಾರ ಜೊಸಾಯಾ ವೆಜ್‌ವುಡ್ 1772ರಲ್ಲಿ ವ್ಯಾಪಾರ ಕುಸಿದಾಗ ಒಂದೊಂದು ಮಾಲಿನ ಖರ್ಚನ್ನೂ ಬಿಡಿಸಿ ನೋಡಿದ. ಮಾಲು ಜಾಸ್ತಿ ಮಾಡಿದರೂ ಕಡಿಮೆ ಮಾಡಿದರೂ ಕೆಲವು ಖರ್ಚು ಅಲ್ಲಾಡುವುದೇ ಇಲ್ಲ ಎಂಬುದು ಆಗ ಅವನ ಕಣ್ಣಿಗೆ ಬಿತ್ತು. ಕಿಲ್ನ್ ಕೂಡ ಹೀಗೇ. ಅರ್ಧ ತುಂಬಿಸಿ ಸುಟ್ಟರೆ ಕರೆಂಟು ಅರ್ಧಕ್ಕೆ ಇಳಿಯುವುದಿಲ್ಲ. ದೊಡ್ಡ ಹೂಜಿಗಳ ಸಂದಿಯಲ್ಲಿ ಕೂರಿಸಲು ಪುಟ್ಟ ಬಟ್ಟಲು, ಮಣಿ, ಗುಂಡಿಗಳನ್ನು ಯಾವಾಗಲೂ ಸಿದ್ಧವಾಗಿಟ್ಟುಕೊಳ್ಳಿ. ಎಲ್ಲವೂ ಒಂದೇ ಶಾಖಕ್ಕೆ ಪಕ್ವವಾಗುವ ಮಣ್ಣು, ಗ್ಲೇಜ್ ಆಗಿರಲಿ. ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಮಣ್ಣಿನ ಮಾಲು, 1,200ರಿಂದ 1,300 ಡಿಗ್ರಿ ಸೆಲ್ಸಿಯಸ್ ಕೇಳುತ್ತದೆ. ಕಡಿಮೆ ಶಾಖದ ಕೆಂಪು ಮಣ್ಣನ್ನು ಅದರ ಜೊತೆ ಇಟ್ಟರೆ ಕರಗಿ ಹಲಗೆಗೆ ಅಂಟಿಕೊಳ್ಳಬಹುದು. ಹತ್ತು ಬಣ್ಣ, ಮೂರು ಥರದ ಮಣ್ಣು ಇಟ್ಟುಕೊಂಡವರನ್ನು ನೋಡಿದರೆ ನನಗೆ ಸುಮ್ನೆ ತಲೆ ಬಿಸಿ. ಐದಾರು ನಮೂನೆ, ಎರಡು ಮೂರು ಗ್ಲೇಜ್ ಶುರುವಿಗೆ ಧಾರಾಳ.

ಅಳತೆ ಹೇಳಿ ಆರ್ಡರ್ ಕೊಡುವವರು ಬಂದಾಗ ಜೋಪಾನ. ನಿಮ್ಮ ಮಣ್ಣು ಹಸಿಯಿಂದ ಪೂರ್ತಿ ಸುಡುವವರೆಗೆ ನೂರಕ್ಕೆ 12ರಷ್ಟು ಕುಗ್ಗುತ್ತದೆ ಎನ್ನಿ. ಹನ್ನೆರಡೇ ತಾನೇ ಅನಿಸುತ್ತದೆ. ಆದರೆ ಅದು ಎತ್ತರದಲ್ಲೂ ಅಗಲದಲ್ಲೂ ಕುಗ್ಗುವುದರಿಂದ ಒಳಗೆ ಹಿಡಿಯುವುದು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. 300 ಮಿಲಿ ಲೀಟರಿನ ಕಪ್ ಬೇಕಿದ್ದರೆ ತಿಗರಿಯ ಮೇಲೆ 440ರ ಆಸುಪಾಸು ಹಿಡಿಯುವಂತೆ ಎತ್ತಬೇಕು. ಉದ್ದದ ಅಳತೆಯಾದರೆ ಬೇಕಾದ ಅಳತೆಯನ್ನು 0.88ರಿಂದ ಭಾಗಿಸಿ. ಸುಟ್ಟ ಮೇಲೆ 10 ಸೆಂಟಿಮೀಟರ್ ಉಳಿಯಬೇಕಾದರೆ ಹಸಿಯಲ್ಲಿ 11.4 ಇರಲಿ. ಕುಗ್ಗುವಿಕೆ ಮಣ್ಣಿನಿಂದ ಮಣ್ಣಿಗೆ ಬೇರೆ. ಹಸಿಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಸುಟ್ಟ ಮೇಲೆ ಅಳೆದು ನೋಡಿ. ಇಂಥ ಆರ್ಡರಿಗೆ ಮುಂಗಡ ತೆಗೆದುಕೊಳ್ಳಿ, ಒಣಗಲು ಎರಡು ವಾರ ಹಿಡಿದರೂ ತಡೆದುಕೊಳ್ಳುವಂಥ ಗಡುವು ಹೇಳಿ. ಒದ್ದೆ ಮಾಲನ್ನು ಅವಸರದಲ್ಲಿ ಕಿಲ್ನ್‌ಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಅಕ್ಕಪಕ್ಕದ್ದನ್ನೂ ಕೆಡಿಸುತ್ತದೆ.

ಅಂಗಡಿಗೆ ಕೊಡುವಾಗ ಅವರ ಪಾಲನ್ನು ಮೊದಲೇ ಕೇಳಿ. ಮಾರಾಟದ ಬೆಲೆಯಲ್ಲಿ ಅರ್ಧದವರೆಗೂ ಇಟ್ಟುಕೊಳ್ಳುವವರಿದ್ದಾರೆ. ಅದು ಅನ್ಯಾಯ ಅಂತ ನಾನು ಹೇಳುವುದಿಲ್ಲ, ಬಾಡಿಗೆ ಅವರೂ ಕಟ್ಟಬೇಕಲ್ಲ. ಆದರೆ ನೇರವಾಗಿ ಮಾರುವಾಗ ನೀವು ಅಂಗಡಿಗಿಂತ ಅಗ್ಗಕ್ಕೆ ಕೊಟ್ಟರೆ ಆ ಅಂಗಡಿಯವರು ಮತ್ತೆ ನಿಮ್ಮನ್ನು ಕರೆಯುವುದಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈಗಿನ ದೊಣ್ಣೆ ಎಂದರೆ ಪಾರ್ಸೆಲ್. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಇಡಿ, ಎರಡರ ನಡುವೆ ಎಲ್ಲ ಕಡೆ 5 ಸೆಂಟಿಮೀಟರ್ ಮೆತ್ತನೆ ತುಂಬಿಸಿ. ಅಲ್ಲಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬಿ. ಮಾರಲಾಗದ ಒಂದು ಕಪ್ಪನ್ನು ಹಾಗೇ ಕಟ್ಟಿ, ಎದೆಯೆತ್ತರದಿಂದ ಬೀಳಿಸಿ ನೋಡಿ. ಈ ಡಬ್ಬಿ, ಟೇಪಿನ ಖರ್ಚೂ ಆ ಲೆಕ್ಕದ ಪುಸ್ತಕಕ್ಕೇ ಸೇರಬೇಕು.

ತಿನ್ನುವ ಕುಡಿಯುವ ಪಾತ್ರೆ ಮಾರುವವರಿಗೆ ಇನ್ನೊಂದು ಮಾತು. ಗ್ಲೇಜಿನ ಮೇಲೆ ನಿಂಬೆಹೋಳು ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಣ್ಣ ಮಾಸಿದ್ದರೆ ಆ ಗ್ಲೇಜ್ ಹುಳಿ ತಡೆಯುವುದಿಲ್ಲ, ಊಟದ ಪಾತ್ರೆಗೆ ಬೇಡ. ಮಾಸದಿದ್ದರೆ ಪಾಸು ಅಂತಲೂ ಅಲ್ಲ. ಸೀಸ, ಕ್ಯಾಡ್ಮಿಯಂ ಬಿಡುತ್ತದೋ ಇಲ್ಲವೋ ಎಂಬುದು ಪ್ರಯೋಗಾಲಯದಲ್ಲಿ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ಕೊಡುವ ಹಣವನ್ನೂ ಕಿಲ್ನ್ ಖರ್ಚಿನಲ್ಲಿ ಹಂಚಿಬಿಡಿ. ಈಗ ನಿಮ್ಮ ಪ್ರಶ್ನೆಗಳು ಬರಲಿ.