‘ಥೈರಾಯ್ಡ್ ಐತ್ರಿ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಇವತ್ತು ಮುಂಜಾನೆ ಹುಬ್ಬಳ್ಳಿಯಿಂದ ಹಾವೇರಿಗೆ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ತಾಯಿ ಮಾತಿಗೆ ಇಳಿದರು. ಎಲ್ಲಿಗೆ, ಯಾಕೆ ಅಂತ ಕೇಳಿದರು. ಥೈರಾಯ್ಡ್ ಬಗ್ಗೆ ನಾಲ್ಕು ಮಾತು ಹೇಳೋಕೆ ಹೊರಟಿದ್ದೇನೆ ಅಂದೆ. ‘ಹೌದೇನ್ರಿ? ನನಗೂ ಥೈರಾಯ್ಡ್ ಐತ್ರಿ’ ಅಂದರು. ಜಾಸ್ತಿಯೋ ಕಡಿಮೆಯೋ ಅಂತ ಕೇಳಿದೆ. ‘ಅದ ರೀ, ಥೈರಾಯ್ಡ್!’ ಅಂದರು. ಶಿಗ್ಗಾವಿ ದಾಟುವವರೆಗೂ ಮಾತಾಡಿದೆವು. ಯಾವುದು ಅಂತ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ.

ನೋಡಿ, ಥೈರಾಯ್ಡ್ ನನಗೂ ಇದೆ, ನಿಮಗೂ ಇದೆ, ಆ ಬಸ್ಸಿನ ಕಂಡಕ್ಟರಿಗೂ ಇತ್ತು. ಅದು ಕಾಯಿಲೆಯ ಹೆಸರಲ್ಲ. ಕುತ್ತಿಗೆಯ ಮುಂದೆ, ಗಂಟಲಿನ ಕೆಳಗೆ ಚಿಟ್ಟೆ ಥರ ಕೂತಿರುವ ಗ್ರಂಥಿ. ಅದರ ಕೆಲಸ ಕಡಿಮೆಯಾದರೆ ಒಂದು ಕಾಯಿಲೆ, ಜಾಸ್ತಿಯಾದರೆ ಇನ್ನೊಂದು. ಎರಡಕ್ಕೂ ಗುಳಿಗೆ ಬೇರೆ. ಒಂದರ ಗುಳಿಗೆ ಇನ್ನೊಂದಕ್ಕೆ ವಿಷ. ಇವತ್ತಿನ ಮಾತು ಜಾಸ್ತಿಯಾಗುವುದರ ಬಗ್ಗೆ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ 29 ವರ್ಷ ರಕ್ತ ತೆಗೆದು, ಮಷೀನಿಗೆ ಇಟ್ಟು, ರಿಪೋರ್ಟ್ ಕೈಗೆ ಕೊಟ್ಟವಳು. ಆಮೇಲೆ ಇದೇ ಕಾಯಿಲೆ ನನಗೇ ಬಂತು. ಹಾಗಾಗಿ ಕೌಂಟರಿನ ಎರಡೂ ಕಡೆ ನಿಂತಿದ್ದೇನೆ. ಡೋಸ್ ಎಷ್ಟು ಅಂತ ಮಾತ್ರ ನನ್ನ ಕೇಳಬೇಡಿ.

ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಸವಣೂರು ಕಡೆಯವಳು. ಥೈರಾಯ್ಡ್ ನೋಡುವ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.01 ಬಂದಿತ್ತು. ಪಕ್ಕದಲ್ಲಿ ಮಷೀನು ‘ಎಲ್’ ಅಂತ ಹಾಕಿತ್ತು, ಅಂದರೆ ಕಡಿಮೆ. ಮನೆಯಲ್ಲಿ ಯಾರೋ ಓದಿದವರು, ‘ನಿನಗ ಥೈರಾಯ್ಡ್ ಕಡಿಮಿ ಐತಿ’ ಅಂದರು. ನೆಗೆಣ್ಣಿ ಥೈರಾಯ್ಡ್ ಕಡಿಮೆಗೆ ದಿನಾ ಗುಳಿಗೆ ನುಂಗುತ್ತಿದ್ದಳು. ಅದನ್ನೇ ಇವಳೂ ಇಪ್ಪತ್ತು ದಿನ ನುಂಗಿದಳು. ನಮ್ಮಲ್ಲಿಗೆ ಬಂದಾಗ ನಾಡಿ ನಿಮಿಷಕ್ಕೆ 130 ಇತ್ತು. ಸೂಜಿ ಹಾಕೋಕೆ ಕೈ ನಿಲ್ಲುತ್ತಿರಲಿಲ್ಲ, ಅಷ್ಟು ನಡುಕ. ಅವಳ ಥೈರಾಯ್ಡ್ ಕಡಿಮೆ ಆಗಿರಲೇ ಇಲ್ಲ. ಮೊದಲೇ ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ ಆಗಿತ್ತು.

ಈ ತಪ್ಪು ಯಾಕೆ ಆಗುತ್ತದೆ? ಟಿಎಸ್‌ಎಚ್ ಅನ್ನೋದು ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿ ಕಡಲೆ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ಥೈರಾಯ್ಡ್ ಮಾಡುವುದು ಟಿ4 ಮತ್ತು ಟಿ3.

ಎತ್ತಿನ ಬಂಡಿ ನೆನಪು ಮಾಡಿಕೊಳ್ಳಿ. ಥೈರಾಯ್ಡ್ ಎತ್ತು. ಪಿಟ್ಯುಟರಿ ಬಂಡಿ ಹೊಡೆಯುವವನು. ಟಿಎಸ್‌ಎಚ್ ಅವನ ಕೈಯ ಬಾರುಕೋಲು. ಎತ್ತು ಸೋತು ನಿಂತರೆ ಅವನು ಬಾರಿಸುತ್ತಲೇ ಇರುತ್ತಾನೆ, ಟಿಎಸ್‌ಎಚ್ ಏರುತ್ತದೆ. ಎತ್ತು ತಾನೇ ಕಿತ್ತುಕೊಂಡು ಓಡಿದರೆ? ಬಾರುಕೋಲು ಕೆಳಗಿಟ್ಟು ಸುಮ್ನೆ ಕೂರುತ್ತಾನೆ. ಟಿಎಸ್‌ಎಚ್ ತಳ ಕಾಣುತ್ತದೆ. ಅಂದರೆ ಟಿಎಸ್‌ಎಚ್ ಕಡಿಮೆ ಇದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಜಾಸ್ತಿ. ದೀಪಾವಳಿಗೆ ಹೋರಿ ಬಿಡುವ ಊರಿನವರು ನೀವು, ಕಿತ್ತುಕೊಂಡು ಓಡುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ!

ಹೆಚ್ಚಿನ ಲ್ಯಾಬುಗಳಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರ ನಡುವೆ ಇದ್ದರೆ ಸರಿ ಅನ್ನುತ್ತಾರೆ. ಟಿಎಸ್‌ಎಚ್ ಕೆಳಗಿದ್ದು ಟಿ4, ಟಿ3 ಮೇಲಿದ್ದರೆ ಥೈರಾಯ್ಡ್ ಜಾಸ್ತಿ ಅನ್ನುವುದು ಸ್ಪಷ್ಟ. ಕೆಲವರಿಗೆ ಟಿ4 ಸರಿ ಇರುತ್ತದೆ, ಟಿ3 ಒಂದೇ ಏರಿರುತ್ತದೆ. ಹಾಗಾಗಿ ದುಡ್ಡು ಉಳಿಸೋಕೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಇನ್ನು ರಿಪೋರ್ಟಿನ ಒಳಗಿನ ಕಿತಾಪತಿ. ಇದರಲ್ಲಿ ನನಗೆ ಡಾಕ್ಟರಿಗಿಂತ ಸ್ವಲ್ಪ ಜಾಸ್ತಿ ಅನುಭವ.

ಮೊದಲನೆಯದು ಅಳತೆ. ಒಬ್ಬ ಮೇಷ್ಟ್ರು ಎರಡು ಲ್ಯಾಬಿನ ಎರಡು ಕಾಗದ ಹಿಡಿದು ಓಡಿ ಬಂದಿದ್ದರು. ಹೋದ ತಿಂಗಳು ಟಿ3 180 ಇತ್ತು, ಈಗ 1.8 ಆಗಿದೆ, ಮಷೀನು ಕೆಟ್ಟಿದೆಯಾ ಅಂತ. ಕೆಟ್ಟಿರಲಿಲ್ಲ. ಒಂದು ಲ್ಯಾಬು ಡೆಸಿಲೀಟರ್ ಲೆಕ್ಕ ಬರೆದಿತ್ತು, ಇನ್ನೊಂದು ಮಿಲಿಲೀಟರ್ ಲೆಕ್ಕ. ಒಂದು ಡೆಸಿಲೀಟರ್ ಅಂದರೆ ನೂರು ಮಿಲಿಲೀಟರ್. ಎರಡೂ ಒಂದೇ ಉತ್ತರ! ಆದ್ದರಿಂದ ಅಂಕಿಯ ಪಕ್ಕದ ಯೂನಿಟ್ ಓದಿ. ಆದಷ್ಟೂ ಒಂದೇ ಲ್ಯಾಬಿನಲ್ಲಿ, ಒಂದೇ ಹೊತ್ತಿಗೆ ರಕ್ತ ಕೊಡಿ. ಟಿಎಸ್‌ಎಚ್ ದಿನವಿಡೀ ಒಂದೇ ಥರ ಇರುವುದಿಲ್ಲ, ರಾತ್ರಿ ಏರುತ್ತದೆ.

ಎರಡನೆಯದು, ಟೋಟಲ್ ಮತ್ತು ಫ್ರೀ. ನಮ್ಮ ಕಡೆ ‘ಥೈರಾಯ್ಡ್ ಪ್ರೊಫೈಲ್’ ಅಂತ ಕೇಳಿದರೆ ಬಹಳ ಸಲ ಟೋಟಲ್ ಟಿ3, ಟೋಟಲ್ ಟಿ4 ಮಾಡುತ್ತಾರೆ. ಈ ಹಾರ್ಮೋನುಗಳು ರಕ್ತದಲ್ಲಿ ಪ್ರೋಟೀನಿನ ಮೇಲೆ ಕೂತು ಓಡಾಡುತ್ತವೆ. ಕೆಳಗಿಳಿದು ಕೆಲಸ ಮಾಡುವುದು ಚೂರೇ ಚೂರು, ಅದೇ ಫ್ರೀ. ಬಸುರಿಯರಲ್ಲಿ, ಗರ್ಭ ತಡೆಯುವ ಗುಳಿಗೆ ತಗೊಳ್ಳುವವರಲ್ಲಿ ಆ ಪ್ರೋಟೀನ್ ಏರುತ್ತದೆ. ಆಗ ಕಾಯಿಲೆ ಇಲ್ಲದಿದ್ದರೂ ಟೋಟಲ್ ಜಾಸ್ತಿ ಕಾಣುತ್ತದೆ. ಬಸುರಿನ ಮೊದಲ ಮೂರು ತಿಂಗಳು ಟಿಎಸ್‌ಎಚ್ ಕೂಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಬಸುರಿ ಅಂತ ಮೊದಲೇ ಹೇಳದಿದ್ದರೆ ಸುಮ್ನೆ ಗಾಬರಿ.

ಮೂರನೆಯದು ಕೂದಲಿನ ಗುಳಿಗೆ. ನಗಬೇಡಿ. ಕೂದಲು ಉದುರುತ್ತದೆ ಅಂತ ಬಯೋಟಿನ್ ತಗೊಳ್ಳುತ್ತಾರಲ್ವಾ? ಅದು ಕೆಲವು ಮಷೀನುಗಳನ್ನೇ ಮೋಸ ಮಾಡುತ್ತದೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಮತ್ತು ಟಿ3 ಸುಳ್ಳಾಗಿ ಜಾಸ್ತಿ ಬರುತ್ತವೆ. ಕಾಗದದ ಮೇಲೆ ಥೇಟ್ ಥೈರಾಯ್ಡ್ ಜಾಸ್ತಿ, ಮನುಷ್ಯ ಗಟ್ಟಿಮುಟ್ಟು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ.

ಈಗ ನನ್ನ ಕಥೆ. ನನಗೆ ಆಗ 47. ತೂಕ 58ರಿಂದ 50ಕ್ಕೆ ಬಂತು. ಊಟ ಕಡಿಮೆ ಆಗಿತ್ತಾ? ಇಲ್ಲ! ದುರ್ಗದಬೈಲಿನಲ್ಲಿ ಎರಡು ಪ್ಲೇಟ್ ಗಿರ್ಮಿಟ್ ತಿಂದು, ಮನೆಗೆ ಹೋಗಿ ಮತ್ತೆ ಮೂರು ರೊಟ್ಟಿ ಉಣ್ಣುತ್ತಿದ್ದೆ. ಎದೆ ಡವಡವ. ಡಿಸೆಂಬರಿನಲ್ಲೂ ಫ್ಯಾನ್ ಬೇಕು. ದಿನಕ್ಕೆ ನಾಲ್ಕು ಸಲ ಸಂಡಾಸ. ರಾತ್ರಿ ನಿದ್ದೆ ಇಲ್ಲ, ಹಗಲು ಮಾತೆತ್ತಿದರೆ ಸಿಟ್ಟು. ಮನೆಯವರು ‘ಇದು ಮುಟ್ಟು ನಿಲ್ಲೋ ವಯಸ್ಸಿನ ಸಿಟ್ಟು’ ಅಂದರು. ನಾನೂ ನಂಬಿದೆ. ದಿನಾ ಹತ್ತಾರು ಜನರ ಥೈರಾಯ್ಡ್ ನೋಡುವವಳು ನನ್ನ ರಕ್ತ ನೋಡೋಕೆ ಐದು ತಿಂಗಳು ತಗೊಂಡೆ. ಕಡೆಗೆ ಒಂದು ದಿನ ಸೂಜಿ ಹಿಡಿದ ಕೈ ನಡುಗಿದ್ದು ನೋಡಿ ನನಗೇ ನಾಚಿಕೆಯಾಯಿತು.

ಟಿಎಸ್‌ಎಚ್ 0.01ಕ್ಕಿಂತ ಕೆಳಗೆ. ಆದರೆ ಕಾಯಿಲೆ ಇದೆ ಅಂತ ಗೊತ್ತಾದರೆ ಮುಗಿಯಲಿಲ್ಲ. ಎತ್ತು ಯಾಕೆ ಓಡುತ್ತಿದೆ?

ಹೆಚ್ಚಿನವರಲ್ಲಿ ಕಾರಣ ಗ್ರೇವ್ಸ್ ಕಾಯಿಲೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಬರೆದಿಟ್ಟ ಕಾಯಿಲೆ. 1840ರಲ್ಲಿ ಜರ್ಮನಿಯ ಬಾಸೆಡೋ ಕೂಡ ಬರೆದರು, ಹಾಗಾಗಿ ಅಲ್ಲಿ ಇವತ್ತಿಗೂ ಅವರದೇ ಹೆಸರು. ಇದರಲ್ಲಿ ನಮ್ಮದೇ ದೇಹ ಒಂದು ಆಂಟಿಬಾಡಿ ತಯಾರು ಮಾಡುತ್ತದೆ. ಬೇರೆ ಯಾರೋ ಬಂಡಿ ಹತ್ತಿ, ಅಂಥದ್ದೇ ಬಾರುಕೋಲಿನಿಂದ ಎತ್ತನ್ನು ಹೊಡೆದಂತೆ. ಬಂಡಿ ಯಜಮಾನ ಕೈ ಕಟ್ಟಿ ಕೂತಿದ್ದರೂ ಎತ್ತು ನಿಲ್ಲುವುದಿಲ್ಲ. ಆ ಆಂಟಿಬಾಡಿ ನೋಡುವ ಪರೀಕ್ಷೆಗೆ ಟ್ರ್ಯಾಬ್ ಅನ್ನುತ್ತಾರೆ. ಕೆಲವರಿಗೆ ಕಣ್ಣು ಮುಂದೆ ಬಂದಂತೆ ಕಾಣುವುದು ಈ ಕಾಯಿಲೆಯಲ್ಲೇ. ಬೀಡಿ, ಸಿಗರೇಟು ಸೇದುವವರಿಗೆ ಕಣ್ಣಿನ ತೊಂದರೆ ಇನ್ನೂ ಜೋರು.

ಎರಡನೇ ಕಾರಣ ಗಂಟು. ಗ್ರಂಥಿಯಲ್ಲಿ ಒಂದೋ ಹಲವೋ ಗಂಟು ಯಾರ ಮಾತೂ ಕೇಳದೆ ಹಾರ್ಮೋನ್ ಮಾಡುತ್ತಾ ಹೋಗುತ್ತದೆ.

ಮೂರನೆಯದನ್ನು ಗಮನ ಇಟ್ಟು ಕೇಳಿ. ಥೈರಾಯ್ಡ್ ವಾರಗಟ್ಟಲೆಗೆ ಆಗುವಷ್ಟು ಹಾರ್ಮೋನ್ ಕೂಡಿಟ್ಟುಕೊಂಡಿರುತ್ತದೆ, ನಮ್ಮ ಹಗೇವಿನ ಜೋಳದ ಥರ. ವೈರಸ್ ಜ್ವರದ ನಂತರ, ಅಥವಾ ಹೆರಿಗೆಯಾದ ಕೆಲ ತಿಂಗಳಿಗೆ ಗ್ರಂಥಿಗೆ ಬಾವು ಬಂದು ಆ ದಾಸ್ತಾನು ಸೋರುತ್ತದೆ. ರಿಪೋರ್ಟಿನಲ್ಲಿ ಥೈರಾಯ್ಡ್ ಜಾಸ್ತಿ ಅಂತಲೇ ಬರುತ್ತದೆ. ಆದರೆ ಹೊಸದಾಗಿ ಏನೂ ತಯಾರಾಗುತ್ತಿಲ್ಲ. ತಯಾರಿ ನಿಲ್ಲಿಸುವ ಗುಳಿಗೆ ಇಲ್ಲಿ ಏನು ಮಾಡೀತು? ಇದು ಬಹಳ ಸಲ ತಾನೇ ಇಳಿಯುತ್ತದೆ. ಮಧ್ಯೆ ಕೆಲವರಿಗೆ ಥೈರಾಯ್ಡ್ ಕಡಿಮೆಯೂ ಆಗುತ್ತದೆ. ಬಾಣಂತಿಗೆ ಎದೆ ಬಡಿದುಕೊಂಡರೆ ‘ನಿತ್ರಾಣ’ ಅಂತ ಬಿಡಬೇಡಿ.

ಯಾವ ಕಾರಣ ಅಂತ ಟ್ರ್ಯಾಬಿನಲ್ಲಿ ತಿಳಿಯದಿದ್ದರೆ, ಚೂರು ವಿಕಿರಣದ ಔಷಧ ಕೊಟ್ಟು ತೆಗೆಯುವ ಥೈರಾಯ್ಡ್ ಸ್ಕ್ಯಾನ್ ಮಾಡಿಸುತ್ತಾರೆ. ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಹೊಳೆಯುತ್ತದೆ, ಗಂಟಿದ್ದರೆ ಗಂಟಷ್ಟೇ, ಬಾವಾಗಿದ್ದರೆ ಏನೂ ಕಾಣುವುದಿಲ್ಲ. ಬಸುರಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ.

ನನ್ನದು ಗ್ರೇವ್ಸ್. ಹಾರ್ಮೋನ್ ತಯಾರಿ ತಡೆಯುವ ಗುಳಿಗೆ ಕಾರ್ಬಿಮಜೋಲ್ ಶುರುವಾಯಿತು. ಎದೆಬಡಿತಕ್ಕೆ ಪ್ರೊಪ್ರನಲಾಲ್. ಪ್ರೊಪ್ರನಲಾಲ್ ಕಾಯಿಲೆ ವಾಸಿ ಮಾಡುವುದಿಲ್ಲ, ಡವಡವ ಮತ್ತು ನಡುಕವನ್ನು ಬೇಗ ತಗ್ಗಿಸುತ್ತದೆ. ಆಸ್ತಮಾ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಕಾರ್ಬಿಮಜೋಲ್ ನಿಧಾನ. ಹಗೇವಿನಲ್ಲಿದ್ದ ಜೋಳ ಖರ್ಚಾಗಬೇಕಲ್ಲ? ಮೂರು ವಾರ ಏನೂ ಗೊತ್ತಾಗಲಿಲ್ಲ. ‘ಈ ಗುಳಿಗಿ ಹತ್ತಂಗಿಲ್ಲ’ ಅಂತ ಬಿಟ್ಟುಬಿಡುವವರು ಈ ಮೂರು ವಾರದಲ್ಲೇ ಬಿಡುತ್ತಾರೆ.

ಈಗ ಹೇಳುವುದನ್ನು ಮನೆಗೆ ಹೋಗಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಕಾರ್ಬಿಮಜೋಲ್ ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಗುಳಿಗೆ ನಿಲ್ಲಿಸಿ, ಅವತ್ತೇ ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕಾಣಿ. ಸಾವಿರಕ್ಕೆ ಎರಡೋ ಮೂರೋ ಜನರಲ್ಲಿ ಇದು ಬಿಳಿ ರಕ್ತಕಣಗಳನ್ನು ದಿಢೀರ್ ಇಳಿಸುತ್ತದೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅಪರೂಪ ಹೌದು, ಆದರೆ ಜೀವಕ್ಕೆ ಕುತ್ತು. ಮೆಡಿಕಲ್ ಶಾಪಿನಿಂದ ಜ್ವರದ ಗುಳಿಗೆ ತಂದು ನುಂಗಿ ಮಲಗುವ ಜ್ವರ ಇದಲ್ಲ. ಕಣ್ಣು ಹಳದಿಯಾದರೂ, ಮೂತ್ರ ಗಾಢವಾದರೂ ತಡ ಮಾಡಬೇಡಿ, ಅದು ಲಿವರಿನ ಮಾತು. ಇನ್ನು ಮಗು ಬೇಕು ಅಂತಿರುವವರು ಮೊದಲೇ ಡಾಕ್ಟರಿಗೆ ಹೇಳಿ. ಬಸುರಿನ ಮೊದಲ ತಿಂಗಳುಗಳಿಗೆ ಬೇರೆ ಗುಳಿಗೆ ಇದೆ. ಹಾಗಂತ ನೀವೇ ಏನನ್ನೂ ಬದಲಾಯಿಸಬೇಡಿ.

ಆರು ವಾರಕ್ಕೆ ಮತ್ತೆ ರಕ್ತ ನೋಡಿದೆವು. ಫ್ರೀ ಟಿ4 ಸರಿಯಾಗಿತ್ತು. ಟಿಎಸ್‌ಎಚ್ ಮಾತ್ರ ಅಲ್ಲೇ, ತಳದಲ್ಲೇ. ನನಗೆ ಅಳುವೇ ಬಂತು. ಆದರೆ ಅದು ಹಾಗೇ. ತಿಂಗಳುಗಟ್ಟಲೆ ಕೆಲಸ ಇಲ್ಲದೆ ಕೂತಿದ್ದ ಬಂಡಿಯವನು ಮತ್ತೆ ಬಾರುಕೋಲು ಹಿಡಿಯೋಕೆ ವಾರಗಳೇ ಬೇಕು, ಕೆಲವರಿಗೆ ತಿಂಗಳುಗಳು. ಆಗ ಟಿಎಸ್‌ಎಚ್ ಒಂದನ್ನೇ ನೋಡಿ ಗುಳಿಗೆ ಏರಿಸಿದರೆ ಮನುಷ್ಯ ಇನ್ನೊಂದು ತುದಿಗೆ ಬೀಳುತ್ತಾನೆ. ಮೈ ಭಾರ, ಚಳಿ, ಮುಖ ಊತ. ಹಾಗೆ ಬಿದ್ದವರ ರಕ್ತವನ್ನೂ ನಾನೇ ತೆಗೆದಿದ್ದೇನೆ. ಶುರುವಿನಲ್ಲಿ ದಾರಿ ತೋರಿಸುವುದು ಟಿ4 ಮತ್ತು ಟಿ3.

ಹದಿನೆಂಟು ತಿಂಗಳಿಗೆ ಗುಳಿಗೆ ನಿಲ್ಲಿಸಿದರು. ಸಾಮಾನ್ಯವಾಗಿ 12ರಿಂದ 18 ತಿಂಗಳು ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಿಗೆ ಮರಳಿ ಬರುತ್ತದೆ. ನನಗೆ ಏಳನೇ ತಿಂಗಳಿಗೆ ಬಂತು. ಆಗ ಎರಡು ದಾರಿ ಇದ್ದವು. ಒಂದು ಆಪರೇಷನ್. ಥೈರಾಯ್ಡ್ ಆಪರೇಷನ್ನನ್ನು ಸುರಕ್ಷಿತ ಮಾಡಿದ ಸ್ವಿಟ್ಜರ್ಲೆಂಡಿನ ಕೋಚರ್‌ಗೆ 1909ರಲ್ಲಿ ನೊಬೆಲ್ ಬಂದಿದೆ. ದೊಡ್ಡ ಗಳಗಂಡ ಇದ್ದರೆ ಅದೇ ಒಳ್ಳೆಯದು. ಕೈ ಪಳಗಿದ ಸರ್ಜನ್ ಬೇಕು, ಯಾಕೆಂದರೆ ದನಿಯ ನರ, ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳು ಅಲ್ಲೇ ಅಂಟಿಕೊಂಡಿರುತ್ತವೆ. ಇನ್ನೊಂದು ರೇಡಿಯೋ ಅಯೋಡಿನ್. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ಮೊದಲ ಸಲ ರೋಗಿಗೆ ಕೊಟ್ಟದ್ದು. ನಾನು ಅದನ್ನೇ ತಗೊಂಡೆ.

ರೇಡಿಯೋ ಅಂದ ಕೂಡಲೇ ಓಣಿಯಲ್ಲಿ ಸುದ್ದಿ ಹಬ್ಬಿತು, ನನಗೆ ಕ್ಯಾನ್ಸರ್ ಅಂತ! ಅದು ಬರೀ ಒಂದು ಕ್ಯಾಪ್ಸೂಲು. ಥೈರಾಯ್ಡ್ ಅಯೋಡಿನ್ ಹೀರುತ್ತದೆ, ಅದರ ಜೊತೆ ಬಂದ ವಿಕಿರಣ ಆ ಗ್ರಂಥಿಯನ್ನೇ ಸುಡುತ್ತದೆ. ಎಂಟು ದಿನಕ್ಕೊಮ್ಮೆ ಅದರ ಕಸುವು ಅರ್ಧಕ್ಕೆ ಇಳಿಯುತ್ತದೆ. ಕೆಲವು ದಿನ ಮೊಮ್ಮಗಳನ್ನು ಎತ್ತಿಕೊಳ್ಳುವಂತಿರಲಿಲ್ಲ, ಅದೇ ದೊಡ್ಡ ಶಿಕ್ಷೆ. ಬಸುರಿಯರು, ಹಾಲೂಡಿಸುವವರು ಇದನ್ನು ತಗೊಳ್ಳುವಂತಿಲ್ಲ. ತಗೊಂಡ ಹೆಣ್ಣುಮಕ್ಕಳು ಆರು ತಿಂಗಳು ಬಸುರಾಗಬಾರದು. ಕಣ್ಣಿನ ತೊಂದರೆ ಜೋರಾಗಿದ್ದರೆ ಇದರಿಂದ ಅದು ಹೆಚ್ಚಾಗಬಹುದು, ಮೊದಲೇ ಕೇಳಿಕೊಳ್ಳಿ. ಆಮೇಲೆ ಹೆಚ್ಚಿನವರಿಗೆ ಥೈರಾಯ್ಡ್ ಕಡಿಮೆಯಾಗುತ್ತದೆ. ನನಗೂ ಆಯಿತು. ಈಗ ದಿನಾ ಮುಂಜಾನೆ ಚಹಾಕ್ಕಿಂತ ಮೊದಲು ಥೈರಾಕ್ಸಿನ್ ನುಂಗುತ್ತೇನೆ. ಅಂದರೆ ಆ ಸವಣೂರಿನ ಹೆಣ್ಣುಮಗಳಿಗೆ ವಿಷವಾಗಿದ್ದ ಗುಳಿಗೆಯೇ ಇವತ್ತು ನನಗೆ ಔಷಧ.

ಊಟದ ಬಗ್ಗೆ ಬಹಳ ಜನ ಕೇಳುತ್ತಾರೆ. ಅಯೋಡಿನ್ ಇದೆ ಅಂತ ಅಡುಗೆಯ ಉಪ್ಪು ಬಿಡಬೇಕಿಲ್ಲ. ಸ್ಕ್ಯಾನಿಗೋ ರೇಡಿಯೋ ಅಯೋಡಿನ್ನಿಗೋ ಮೊದಲು ಕೆಲ ದಿನ ಏನಾದರೂ ಬಿಡಬೇಕಿದ್ದರೆ ಅವರೇ ಹೇಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೂ ಥೈರಾಯ್ಡಿಗೂ ಸಂಬಂಧ ಇಲ್ಲ.

ಒಂದು ಮಾತು ವಯಸ್ಸಾದವರ ಬಗ್ಗೆ. ಅವರಿಗೆ ನಡುಕ, ಸಿಟ್ಟು ಏನೂ ಇಲ್ಲದೆ ಈ ಕಾಯಿಲೆ ಬರಬಹುದು. ಮಂಕಾಗಿ ಕೂರುತ್ತಾರೆ, ಸೊರಗುತ್ತಾರೆ, ಎದೆಬಡಿತ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಹಾಗಾಗಿ 65 ದಾಟಿದವರಲ್ಲಿ ಟಿ4, ಟಿ3 ಸರಿ ಇದ್ದು ಟಿಎಸ್‌ಎಚ್ ಮಾತ್ರ 0.1ಕ್ಕಿಂತ ಕೆಳಗೇ ಉಳಿದರೆ ಡಾಕ್ಟರುಗಳು ಚಿಕಿತ್ಸೆಯ ಯೋಚನೆ ಮಾಡುತ್ತಾರೆ. ಚಿಕ್ಕ ವಯಸ್ಸಿನವರಿಗೆ 0.3 ಬಂದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರೆ ಎಷ್ಟೋ ಸಲ ಅದು ತಾನೇ ಸರಿಯಾಗಿರುತ್ತದೆ.

ಇನ್ನು ನಿಮ್ಮ ಪ್ರಶ್ನೆ ಕೇಳಿ. ರಿಪೋರ್ಟ್ ತಂದವರು ಹಳೆಯದು ಕೆಳಗೆ, ಹೊಸದು ಮೇಲೆ ಇಟ್ಟುಕೊಂಡು ಬನ್ನಿ. ಮೊದಲು ಹಿಂದಿನ ಸಾಲಿನ ಅಜ್ಜಾರು, ಬಂಡಿಯ ಮಾತು ಬಂದಾಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ. ಹೇಳ್ರಿ ಅಜ್ಜಾರ.