ಹ್ಯಾರಿ ಲಾಡರ್ ವೇಷ ಇನ್ನೊಬ್ಬರು ಯಾಕೆ ಹಾಕಬೇಕು?

ನಮಸ್ಕಾರ. ಇವತ್ತಿನ ಪ್ರಶ್ನೆ ಇದು. ಸ್ಕಾಟ್ಲೆಂಡಿನ ಹಾಸ್ಯಗಾರ, ಹಾಡುಗಾರ ಹ್ಯಾರಿ ಲಾಡರ್ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಅವರ ರೆಕಾರ್ಡ್‌ಗಳಿವೆ, ಸಿನಿಮಾಗಳಿವೆ, ಬೇಕಾದವರು ಹಾಕಿಕೊಂಡು ಕೇಳಬಹುದು. ಹಾಗಿದ್ದ ಮೇಲೆ ಇನ್ನೊಬ್ಬ ನಟ ಅವರ ಥರ ಬಟ್ಟೆ ತೊಟ್ಟು, ಅವರ ಹಾಡೇ ಹಾಡುವುದು ಯಾಕೆ? ಜನ ದುಡ್ಡು ಕೊಟ್ಟು ನೋಡುವುದಾದರೂ ಯಾಕೆ?

1970ರ ದಶಕದಲ್ಲಿ ಗ್ಲಾಸ್ಗೋದ ನಟ ಜಿಮ್ಮಿ ಲೋಗನ್ ಇದನ್ನೇ ಮಾಡಿದರು. ಒಬ್ಬರೇ ನಿಂತು ನಡೆಸುವ ಶೋ. ಹೆಸರು 'ಲಾಡರ್'. ಸರ್ ಹ್ಯಾರಿ ಲಾಡರ್‌ಗೆ ಸ್ಟೇಜ್ ಮೇಲಿನ ಗೌರವ, ಅಂದರೆ ಟ್ರಿಬ್ಯೂಟ್.

[ತೆರೆಯ ಮೇಲೆ: ಲಾಡರ್ ಹಳೆಯ ಫೋಟೋ]

ಲಾಡರ್ ಯಾರು? ಬೇಗ ಹೇಳಿಬಿಡುತ್ತೇನೆ. 1870ರಲ್ಲಿ ಎಡಿನ್‌ಬರೋ ಪಕ್ಕದ ಪೋರ್ಟೊಬೆಲ್ಲೋದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಅಪ್ಪ ಹೋದರು. ಮೊದಲು ಆರ್ಬ್ರೋತ್‌ನ ನಾರಿನ ಗಿರಣಿ, ಆಮೇಲೆ ಹ್ಯಾಮಿಲ್ಟನ್‌ನ ಕಲ್ಲಿದ್ದಲು ಗಣಿ, ಅಲ್ಲಿಂದ ಮ್ಯೂಸಿಕ್ ಹಾಲ್. ಮ್ಯೂಸಿಕ್ ಹಾಲ್ ಅಂದರೆ ಹಾಡು, ಜೋಕು, ಜಾದೂ, ಕಸರತ್ತು ಎಲ್ಲ ಒಂದೇ ಟಿಕೆಟ್‌ಗೆ. 1919ರಲ್ಲಿ 'ಸರ್' ಪದವಿ, 1950ರಲ್ಲಿ ಸಾವು. ಮುಗೀತು.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರೋಣ. ಅವರ ಕೋಲು.

ಸ್ಕಾಟಿಷ್ ಗಂಡಸರು ಉಡುವ ಚೌಕುಳಿ ಲಂಗ ಕಿಲ್ಟ್ ಉಟ್ಟು, ಸ್ಕಾಟಿಷ್ ಟೋಪಿ ಇಟ್ಟು, ಸೊಟ್ಟಂಬಟ್ಟ ಕೋಲು ಹಿಡಿದು ಲಾಡರ್ ಬರುತ್ತಿದ್ದರು. ಕೋಲು ಎಷ್ಟು ಫೇಮಸ್ ಆಯಿತೆಂದರೆ ಅಮೆರಿಕದ ನರ್ಸರಿಗಳಲ್ಲಿ ಇವತ್ತಿಗೂ ಒಂದು ಗಿಡಕ್ಕೆ 'ಹ್ಯಾರಿ ಲಾಡರ್ಸ್ ವಾಕಿಂಗ್ ಸ್ಟಿಕ್' ಅಂತಲೇ ಹೆಸರು. ಅದು ಹೇಝಲ್‌ನಟ್ ಬಿಡುತ್ತದಲ್ಲ, ಆ ಹೇಝಲ್ ಜಾತಿಯ ಗಿಡ. ಕೊಂಬೆಗಳೆಲ್ಲ ಸುರುಳಿ ಸುರುಳಿ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ನೋಡಬೇಕು, ಒಂದು ಕಡ್ಡಿಯೂ ನೆಟ್ಟಗಿರುವುದಿಲ್ಲ. ಈ ಗಿಡ ಸಿಕ್ಕಿದ್ದು 1860ರ ದಶಕದಲ್ಲಿ, ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಒಂದು ಬೇಲಿಯಲ್ಲಿ. ಅಂದರೆ ಗಿಡ ಲಾಡರ್‌ಗಿಂತ ಹಿರಿದು, ಹೆಸರು ಮಾತ್ರ ಕಿರಿಯರದ್ದು!

ಇನ್ನೂ ಇದೆ, ತಾಳಿ. ಈ ಗಿಡವನ್ನು ಸಾಮಾನ್ಯವಾಗಿ ನೆಟ್ಟಗೆ ಬೆಳೆಯುವ ಹೇಝಲ್ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಆಗಾಗ ಬುಡದಿಂದ ನೆಟ್ಟನೆಯ ಚಿಗುರು ಬರುತ್ತದೆ. ಅದನ್ನು ತೋಟದವರು ತಪ್ಪದೆ ಕತ್ತರಿಸಬೇಕು. ಬಿಟ್ಟರೆ ನೆಟ್ಟಗಿರುವುದೇ ಜೋರಾಗಿ ಬೆಳೆದು ಸೊಟ್ಟದ್ದನ್ನು ನುಂಗಿಬಿಡುತ್ತದೆ. ಒಬ್ಬ ಹಾಸ್ಯಗಾರನ ನೆನಪಿಗೆ ಇದಕ್ಕಿಂತ ಒಳ್ಳೆ ಗಿಡ ಹುಡುಕಿದರೂ ಸಿಗಲ್ಲ ಬಿಡಿ. ನನ್ನ ಎಡಿಟರ್ 'ಗಿಡ ಸಾಕು' ಅಂತ ಸನ್ನೆ ಮಾಡುತ್ತಿದ್ದಾರೆ.

ಸರಿ, ರೆಕಾರ್ಡ್ ಇದ್ದರೂ ಟ್ರಿಬ್ಯೂಟ್ ಯಾಕೆ?

ಲಾಡರ್ ಮೊದಲು ರೆಕಾರ್ಡ್ ಮಾಡಿದ ಕಾಲದಲ್ಲಿ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರೋ ನಾಲ್ಕೋ ನಿಮಿಷ. ಆದರೆ ಮ್ಯೂಸಿಕ್ ಹಾಲ್‌ನಲ್ಲಿ ಲಾಡರ್ ಒಂದೇ ಹಾಡನ್ನು ಎಳೆದೆಳೆದು ಹಾಡುತ್ತಿದ್ದರು. ಒಂದು ಚರಣ, ಆಮೇಲೆ ಹರಟೆ. ತಮ್ಮ ಜೋಕಿಗೆ ತಾವೇ ನಗುವುದು. ಮತ್ತೆ ಪಲ್ಲವಿ, ಇಡೀ ಹಾಲ್ ಜೊತೆಗೆ. ರೆಕಾರ್ಡ್‌ನಲ್ಲಿ ಅವರ ನಗು ಸಿಗುತ್ತದೆ, ನಿಜ. ಎದುರಿಗಿದ್ದ ಸಾವಿರ ಜನರ ದನಿ ಎಲ್ಲಿಂದ ತರುವುದು? ಅದಕ್ಕೆ ಎದುರಿಗೆ ಜನ ಕೂತಿರಬೇಕು, ಜನರನ್ನು ಕೆಣಕಿ ಹಾಡಿಸಲು ಅಲ್ಲೊಬ್ಬ ನಟ ಬೇಕು. ಟ್ರಿಬ್ಯೂಟ್ ಕೆಲಸ ಮಾಡುವುದು ಇಲ್ಲಿ. ನಟ ಲಾಡರ್ ಥರ ಕಾಣದಿದ್ದರೂ ನಡೆಯುತ್ತದೆ, ಜನ ಪಲ್ಲವಿ ಎತ್ತಿಕೊಳ್ಳದಿದ್ದರೆ ಮಾತ್ರ ಶೋ ಢಮಾರ್.

ಲೋಗನ್‌ಗೆ ಇದು ಮನೆಯ ವಿದ್ಯೆ. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಸ್ಟೇಜಿನವರು. ಗ್ಲಾಸ್ಗೋದ ಮೆಟ್ರೊಪೋಲ್ ಥಿಯೇಟರ್‌ನಲ್ಲಿ ಲೋಗನ್ ಕುಟುಂಬದ ಶೋ ನಡೆಯುತ್ತಿತ್ತು. ಆ ಮೆಟ್ರೊಪೋಲ್‌ನ ಹಳೆಯ ಹೆಸರು ಸ್ಕೋಷಿಯಾ. ಗಣಿಯ ಹುಡುಗ ಲಾಡರ್ ಶುರುವಿನಲ್ಲಿ ಅದೃಷ್ಟ ಪರೀಕ್ಷಿಸಿದ್ದು ಅಲ್ಲೇ! 1961ರಲ್ಲಿ ಅದು ಸುಟ್ಟುಹೋಯಿತು. 1964ರಲ್ಲಿ ಲೋಗನ್ ಸ್ವಂತ ದುಡ್ಡು ಹಾಕಿ ಎಂಪ್ರೆಸ್ ಥಿಯೇಟರ್ ಕೊಂಡು ಅದಕ್ಕೆ 'ನ್ಯೂ ಮೆಟ್ರೊಪೋಲ್' ಅಂತ ಹೆಸರಿಟ್ಟರು. ಕೈ ಸುಟ್ಟುಕೊಂಡರು. ಇಷ್ಟಾದ ಮೇಲೂ ಲಾಡರ್ ಶೋ ಮಾಡಿದರಲ್ಲ, ಅದು ಸುಮ್ನೆ ಮಿಮಿಕ್ರಿ ಹುಚ್ಚು ಅಲ್ಲ.

ಲಾಡರ್ ಕಥೆ ಹೇಳುವ ಯಾರೇ ಆದರೂ ದಾಟಲೇಬೇಕಾದ ಒಂದು ಘಟ್ಟ ಇದೆ. 1916ರ ಡಿಸೆಂಬರ್ 28ರಂದು ಅವರ ಒಬ್ಬನೇ ಮಗ ಜಾನ್ ಫ್ರಾನ್ಸ್‌ನ ಯುದ್ಧಭೂಮಿಯಲ್ಲಿ ಸತ್ತ. ಹೊಸ ವರ್ಷದ ದಿನ ಟೆಲಿಗ್ರಾಂ ಬಂತು. ಲಂಡನ್‌ನ ಶಾಫ್ಟ್ಸ್‌ಬರಿ ಥಿಯೇಟರ್‌ನಲ್ಲಿ ಆಗ ಅವರ ಶೋ ನಡೆಯುತ್ತಿತ್ತು. ಕೆಲವೇ ದಿನಗಳಲ್ಲಿ ವಾಪಸ್ ಸ್ಟೇಜ್ ಹತ್ತಿದರು. ಅವತ್ತು ಹಾಡಬೇಕಿದ್ದ ಒಂದು ಹಾಡಿನಲ್ಲಿ ಯುದ್ಧ ಮುಗಿಸಿ ಬಂದ ಮಗನಿಗೆ ತಾಯಿ ಮುತ್ತಿಡುವ ಸಾಲಿದೆ. ಆ ಸಾಲನ್ನೂ ಅವರು ಹಾಡಿದರು. ಇದು ಗೊತ್ತಾದ ಮೇಲೆ ಕಿಲ್ಟು, ಕೋಲು, ತಮಾಷೆ ಯಾವುದೂ ಮೊದಲಿನ ಥರ ಕಾಣಲ್ಲ, ಅಲ್ವಾ?

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ. ಲಾಡರ್‌ಗೆ ಬೈದವರೂ ಇದ್ದರು. ಕವಿ ಹ್ಯೂ ಮ್ಯಾಕ್‌ಡೈರ್ಮಿಡ್‌ಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸ್ಕಾಟ್ಲೆಂಡನ್ನು ಲಾಡರ್ ಕಿಲ್ಟು ತೊಟ್ಟ ಜಿಪುಣನ ಜೋಕ್ ಮಾಡಿಬಿಟ್ಟರು ಅಂತ ಅವರಂಥವರ ಸಿಟ್ಟು. ಅರ್ಧ ಸರಿ. ಆದರೆ ಗಣಿಯಲ್ಲಿ ದುಡಿದವರಿಗೆ ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುವ ಹಕ್ಕಿದೆ ಅನ್ನುವುದು ನನ್ನ ಲೆಕ್ಕ.

ಮಗ ಸತ್ತ ಮೇಲೆ ಲಾಡರ್ ಬರೆದ ಹಾಡು 'ಕೀಪ್ ರೈಟ್ ಆನ್ ಟು ದಿ ಎಂಡ್ ಆಫ್ ದಿ ರೋಡ್'. ಅದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ಫುಟ್‌ಬಾಲ್ ಕ್ಲಬ್‌ನ ಅಭಿಮಾನಿಗಳು ಇಂದಿಗೂ ಸ್ಟೇಡಿಯಂ ತುಂಬ ಹಾಡುತ್ತಾರೆ. ನಟನೂ ಬೇಡ, ಕಿಲ್ಟೂ ಬೇಡ. ಟೀಮ್ ಸೋಲುತ್ತಿದ್ದರೆ ಇನ್ನೂ ಜೋರು.